ಕಬ್ಬಿನೊಳಗೆ ಹೊಕ್ಕ ಸಭೆ

ಕೋವಿಡ್ಡಿನ ಕಾಲ ಮುಗಿದು ಸಭೆ ಸಮಾರಂಭಗಳು ಮತ್ತೆ ಜೀವ ಹಿಡಿದಿದ್ದ ವರ್ಷ ಅದು. ಗೋಕಾಕದಲ್ಲಿ ನನ್ನ ಮೈಕ್ ಸೆಟ್ ಅಂಗಡಿಗೆ ಆಗ ಇಪ್ಪತ್ತೇಳು ವರ್ಷ ತುಂಬಿತ್ತು. ಐಟಿಐನಲ್ಲಿ ರೇಡಿಯೊ ಮೆಕ್ಯಾನಿಕ್ ಕೋರ್ಸು ಮುಗಿಸಿದ ಮೇಲೆ ನೌಕರಿಗಾಗಿ ಅಲೆಯದೆ, ಒಂದು ಆಂಪ್ಲಿಫೈಯರ್ ಮತ್ತು ಎರಡು ಹಾರ್ನ್ ಇಟ್ಟುಕೊಂಡು ಈ ಕಸುಬಿಗೆ ಇಳಿದವನು ನಾನು. ಮದುವೆ, ಬಸುರಿಯರ ಕುಬಸ, ಶಾಲೆಯ ಸ್ನೇಹ ಸಮ್ಮೇಳನ, ಪಂಚಾಯ್ತಿಯಿಂದ ಹಿಡಿದು ಲೋಕಸಭೆಯವರೆಗಿನ ಚುನಾವಣೆ, ಎಲ್ಲ ಕಡೆಯೂ ನನ್ನ ವೈರು ಹರಿದಾಡಿದೆ. ಈ ಮೂರು ತಾಲೂಕಿನಲ್ಲಿ ನನ್ನಷ್ಟು ಭಾಷಣ ಕೇಳಿದವರು ಇನ್ನೊಬ್ಬರು ಇರಲಿಕ್ಕಿಲ್ಲ. ಬೇಸರ ಬಂದರೆ ಕೇಳುವವರು ಎದ್ದು ಹೋಗಬಹುದು. ಭಾಷಣ ಮಾಡುವವರೂ ನೆಪ ಹೇಳಿ ಇಳಿಯಬಹುದು. ಮೈಕಿನವನು ಮಾತ್ರ ಕೊನೆಯ ವಂದನಾರ್ಪಣೆಯವರೆಗೆ ಅಲ್ಲಿಯೇ ಕೂತಿರಬೇಕು.

ಹೀಗಾಗಿ ಭಾಷಣದ ಬಗ್ಗೆ ನನಗೆ ದೊಡ್ಡ ಭ್ರಮೆಯೇನೂ ಇರಲಿಲ್ಲ. ‘ಒಂದು ಭಾಷಣದಿಂದ ಯಾರಾದರೂ ಅಧ್ಯಕ್ಷರಾಗುತ್ತಾರೆಯೇ’ ಎಂದು ಯಾರಾದರೂ ಕೇಳಿದರೆ, ‘ಭಾಷಣ ಎಂದರೆ ಊಟದ ಎಲೆಯ ತುದಿಯ ಉಪ್ಪಿನಕಾಯಿ, ಹೊಟ್ಟೆ ತುಂಬುವುದು ಬೇರೆಯದರಿಂದಲೇ’ ಎನ್ನುತ್ತಿದ್ದೆ. ಆ ಮಾತನ್ನು ನಾನು ವಾಪಸ್ ತೆಗೆದುಕೊಳ್ಳಬೇಕಾಗಿ ಬಂದ ಪ್ರಸಂಗ ಇದು. ನನ್ನ ಕಸುಬಿನ ಸೊಕ್ಕು ಇಳಿದದ್ದೂ ಅದೇ ದಿನ.

ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಕುರಿಗಾರರು ಸೇರಿ ಕಟ್ಟಿಕೊಂಡ ಸಹಕಾರ ಸಂಘವೊಂದಿದೆ. ಹೆಸರು ಇಲ್ಲಿ ಬೇಡ. ಸದಸ್ಯರು ಮುನ್ನೂರರ ಹತ್ತಿರ, ನಿರ್ದೇಶಕರು ಹದಿಮೂರು ಜನ, ಆಫೀಸು ಗೋಕಾಕದಲ್ಲಿ. ಕಾನೂನಿನ ಪ್ರಕಾರ ಅಧ್ಯಕ್ಷರನ್ನು ಆರಿಸುವವರು ನಿರ್ದೇಶಕರು. ಆದರೆ ಹಿರಿಯರು ಹಾಕಿಕೊಟ್ಟ ಪದ್ಧತಿಯೊಂದು ಅಲ್ಲಿ ಕಾನೂನಿಗಿಂತ ಗಟ್ಟಿಯಾಗಿತ್ತು. ಅಧ್ಯಕ್ಷರಾಗಲು ಬಯಸಿದವರು ಮೂರು ತಾಲೂಕಿನಲ್ಲಿ ಮೂರು ಸಭೆ ಮಾಡಿ ಸದಸ್ಯರ ಮುಂದೆ ಮಾತಾಡಬೇಕು. ಮೂರನೆಯ ಸಭೆಯ ಕೊನೆಗೆ, ನಿಂತವರೆಲ್ಲರ ಹೆಸರಿನಲ್ಲಿ ಒಂದೊಂದು ಕಂಬಳಿ ಹಾಸುತ್ತಾರೆ. ಪ್ರತಿಯೊಬ್ಬ ಕುರಿಗಾರನೂ ತನಗೆ ಬೇಕಾದವರ ಕಂಬಳಿಯ ಮೇಲೆ ತನ್ನ ಬಡಿಗೆ ಇಡುತ್ತಾನೆ. ಯಾವ ಕಂಬಳಿಯ ಮೇಲೆ ಬಡಿಗೆ ಹೆಚ್ಚೋ, ಮರುದಿನ ನಿರ್ದೇಶಕರು ಅವರಿಗೇ ಕೈ ಎತ್ತುತ್ತಾರೆ. ಕಂಬಳಿಯ ಮುಂದೆ ಕೊಟ್ಟ ಮಾತಿಗೆ ತಪ್ಪಿದ ನಿರ್ದೇಶಕ ಇದುವರೆಗೆ ಒಬ್ಬನೂ ಇಲ್ಲ.

ಆ ವರ್ಷ ಇಬ್ಬರು ನಿಂತಿದ್ದರು. ಒಬ್ಬರು ಮಲ್ಲಪ್ಪಣ್ಣ, ಎರಡು ಸಲ ಅಧ್ಯಕ್ಷರಾಗಿದ್ದವರು. ಬಿಳಿ ಅಂಗಿ, ಬಿಳಿ ಧೋತರ, ತೋಳಿನಲ್ಲಿ ಯಾವಾಗಲೂ ತೂಗುವ ಒಂದು ಕರಿ ಛತ್ರಿ. ಮೈಕು ಹಿಡಿದರೆ ರಾಜ. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಧ್ವನಿ ಏರಿಸಬೇಕು, ಚಪ್ಪಾಳೆಗೆ ಎಷ್ಟು ಹೊತ್ತು ಜಾಗ ಬಿಡಬೇಕು ಎಂಬುದೆಲ್ಲ ಅವರಿಗೆ ಬಾಯಿಪಾಠ. ಮಾತು ರಂಗೇರಿದಾಗ ಕಣ್ಣು ಮುಚ್ಚಿಕೊಳ್ಳುವುದು ಅವರ ಅಭ್ಯಾಸ. ಮನುಷ್ಯ ಕೆಟ್ಟವರಲ್ಲ. ಸಂಘದ ಬಾಗಿಲನ್ನು ದಿನಾ ಹತ್ತಕ್ಕೆ ಸರಿಯಾಗಿ ತೆರೆಸುತ್ತಿದ್ದರು. ಆದರೆ ಬಾಗಿಲಿನಿಂದ ಆಚೆ ಅವರು ಹೋದದ್ದನ್ನು ಯಾರೂ ನೋಡಿರಲಿಲ್ಲ.

ಇನ್ನೊಬ್ಬರು ಲಕ್ಕವ್ವ, ಕಣಗಲಾ ಕಡೆಯವಳು. ನಲವತ್ತರ ಆಸುಪಾಸಿನ ಹೆಣ್ಣುಮಗಳು. ಗಂಡನ ಜೊತೆ ಹಿಂಡು ಹೊಡೆದುಕೊಂಡು ವರ್ಷದ ಎಂಟು ತಿಂಗಳು ಊರೂರು ತಿರುಗುವವಳು. ಮಹಿಳಾ ಮೀಸಲು ಸ್ಥಾನದಿಂದ ನಿರ್ದೇಶಕಿಯಾಗಿದ್ದಳು. ಅವಳು ನಿಲ್ಲಲು ಒಂದು ಕಾರಣವಿತ್ತು. ಹಿಂದಿನ ವರ್ಷ ನೀಲಿ ನಾಲಿಗೆ ಬೇನೆ ಬಂದು ಅವಳ ತೊಂಬತ್ತು ಕುರಿಗಳಲ್ಲಿ ನಲವತ್ತು ಸತ್ತಿದ್ದವು. ಆ ಬೇನೆಯ ಲಸಿಕೆ ಸಂಘದ ಆಫೀಸಿನ ಫ್ರಿಜ್‌ನಲ್ಲಿ ಮೊದಲಿನಿಂದಲೂ ಇತ್ತು. ಆದರೆ ಅವಳ ಹಿಂಡು ಗೋಕಾಕದಿಂದ ನಾಲ್ಕು ದಿನದ ನಡಿಗೆಯಷ್ಟು ದೂರವಿತ್ತು. ಈ ವರ್ಷವೂ ಹಾಗೇ ಆದರೆ ಉಳಿದ ಐವತ್ತೂ ಹೋಗುತ್ತವೆ, ಹಿಂಡು ಹೋದರೆ ಮುಂದಿನ ಬದುಕು ಕೂಲಿಯೇ. ಹಾಗಾಗಿ ಅವಳಿಗೆ ಅಧ್ಯಕ್ಷ ಪದವಿ ಎಂದರೆ ಹಾರ ತುರಾಯಿಯ ಮಾತಾಗಿರಲಿಲ್ಲ.

ಎರಡೂ ಕಡೆಯವರು ಸೇರಿ ಮೂರೂ ಸಭೆಗೆ ನನ್ನ ಸೆಟ್ಟನ್ನೇ ಗೊತ್ತು ಮಾಡಿದ್ದರು. ನನ್ನ ಮೈಕಿಗೆ ಪಕ್ಷವಿಲ್ಲ ಎಂಬುದು ನಾನು ಬೋರ್ಡಿನ ಮೇಲೆ ಬರೆಸಿಕೊಳ್ಳದಿದ್ದರೂ ಊರಿಗೆಲ್ಲ ಗೊತ್ತಿದ್ದ ವಿಷಯ.

ಮೊದಲ ಸಭೆ ಅಂಕಲಗಿಯಲ್ಲಿ, ಒಂದು ಸಮುದಾಯ ಭವನದಲ್ಲಿ. ಮಲ್ಲಪ್ಪಣ್ಣ ಮಾತಾಡಿ ಮುಗಿಸಿದಾಗ ಚಪ್ಪಾಳೆ ಸೂರಿಗೆ ಹತ್ತಿತ್ತು. ನಂತರ ಲಕ್ಕವ್ವ ಎದ್ದಳು. ಕೈಯಲ್ಲಿ ಒಂದು ಕಾಗದ. ಕಾಲೇಜು ಮಾಸ್ತರರಾದ ಅವಳ ಸಂಬಂಧಿಕರೊಬ್ಬರು ಬರೆದುಕೊಟ್ಟದ್ದು. ಅವಳು ‘ನಮಸ್ಕಾರ್ರಿ’ ಎಂದ ಕೂಡಲೇ ನನ್ನ ಆಂಪ್ಲಿಫೈಯರಿನ ಕೆಂಪು ದೀಪ ಹತ್ತಿಕೊಂಡಿತು. ಹಾರ್ನು ಗೊರ್ರೆಂದು ಒಡೆದ ಹಂಡೆಯಂತೆ ಸದ್ದು ಮಾಡಿತು.

ಇಲ್ಲಿ ನನ್ನ ಕಸುಬಿನ ಎರಡು ಮಾತು ಹೇಳಬೇಕು. ಮೈಕು ಎಷ್ಟು ಧ್ವನಿಯನ್ನು ಒಳಗೆ ಎಳೆದುಕೊಳ್ಳಬೇಕು ಎಂಬುದನ್ನು ನಿರ್ಧರಿಸುವ ತಿರುಗಣೆಗೆ ಗೇನ್ ಎನ್ನುತ್ತೇವೆ. ಅದರ ಅಳತೆ ಮೀರಿ ಧ್ವನಿ ಬಂದರೆ ಕೆಂಪು ದೀಪ ಹತ್ತಿ, ಮಾತು ಒಡೆದುಹೋಗುತ್ತದೆ. ಎರಡನೆಯದು ಫೀಡ್‌ಬ್ಯಾಕ್. ಹಾರ್ನಿನಿಂದ ಹೊರಬಂದ ಸದ್ದು ಮತ್ತೆ ಅದೇ ಮೈಕಿನೊಳಗೆ ಹೊಕ್ಕರೆ, ಅದು ಸುತ್ತಿ ಸುತ್ತಿ ಬೆಳೆದು ‘ಕುಂಯ್’ ಎಂದು ಕಿರುಚುತ್ತದೆ. ಈ ಎರಡನ್ನೂ ಹದ್ದುಬಸ್ತಿನಲ್ಲಿ ಇಡುವುದೇ ಮೈಕಿನವನ ವಿದ್ಯೆ. ಬೆಟ್ಟದಾಚೆಯ ಹಿಂಡಿಗೆ ಕೂಗು ಹಾಕಿ ಬೆಳೆದ ಲಕ್ಕವ್ವನ ಗಂಟಲಿಗೆ ಗೇನ್ ಇಳಿಸಿ, ಮೈಕನ್ನು ದೂರ ಇಟ್ಟಿದ್ದರೆ ಸಾಕಿತ್ತು. ಒಂದು ನಿಮಿಷದ ಕೆಲಸ. ಆದರೆ ಇಪ್ಪತ್ತೇಳು ವರ್ಷ ಎಲ್ಲರೂ ನನ್ನ ಮೈಕಿಗೆ ಹೊಂದಿಕೊಂಡಿದ್ದರೇ ಹೊರತು ನನ್ನ ಮೈಕು ಯಾರಿಗೂ ಹೊಂದಿಕೊಂಡಿರಲಿಲ್ಲ.

ನಾನು ವೇದಿಕೆಗೆ ಹೋಗಿ ಅವಳ ಕಿವಿಯಲ್ಲಿ ಹೇಳಿದೆ, “ಸಣ್ಣ ಧ್ವನೀಲೆ ಮಾತಾಡವಾ. ನಾಕ ಬೆರಳ ದೂರ ನಿಲ್ಲು. ಮಾರಿ ಅತ್ತಿತ್ತ ತಿರಗಸಬ್ಯಾಡ. ಕೈ ಬೀಸಬ್ಯಾಡ.”

ಪಾಪ, ಹೇಳಿದ್ದನ್ನೆಲ್ಲ ಪಾಲಿಸಿದಳು. ಕೈಕಾಲು ಕಟ್ಟಿಸಿಕೊಂಡವಳಂತೆ ನಿಂತು, ಪಿಸುಧ್ವನಿಯಲ್ಲಿ ‘ಸಹಕಾರ ತತ್ವದ ಮಹೋನ್ನತ ಧ್ಯೇಯ’ ಎಂದೇನೋ ಓದಿದಳು. ಹಿಂದಿನ ಸಾಲಿನವರು ಬೀಡಿ ಸೇದಲು ಎದ್ದುಹೋದರು. ಎರಡನೆಯ ಸಭೆ ಮೂಡಲಗಿಯಲ್ಲಿ ಆಯಿತು. ಅಲ್ಲಿ ಅದಕ್ಕಿಂತ ಕಡೆ. ಅರ್ಧ ಓದುವಷ್ಟರಲ್ಲಿ ಕಾಗದ ಮಡಿಚಿ ಕೂತುಬಿಟ್ಟಳು.

ಸಭೆ ಮುಗಿದ ಮೇಲೆ ನಾನು ವೈರು ಸುತ್ತುತ್ತಿದ್ದಾಗ ಬಂದು ನಿಂತಳು.

“ಕಾಕಾ, ನಿಮ್ಮ ಮೈಕಿನ ಮುಂದ ನಿಂತ್ರ ನನ್ನ ಮಾತು ನನಗ ಗುರ್ತ ಸಿಗವಲ್ದು.”

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಮನಸ್ಸಿನಲ್ಲಿ ಅಂದುಕೊಂಡೆ. ಬಾಯಲ್ಲಿ ಅಂದದ್ದು ಅದಕ್ಕಿಂತ ಕೆಟ್ಟದ್ದು. “ತಪ್ಪ ತಿಳಿಬ್ಯಾಡವಾ. ನಿಂದು ಮೈಕಿನ ಧ್ವನಿ ಅಲ್ಲ. ಈ ಭಾಷಣ ಗೀಷಣ ಎಲ್ಲಾರಿಗೂ ಒಗ್ಗೂದಿಲ್ಲ.”

ಅವಳು ಸೆರಗು ಸರಿಮಾಡಿಕೊಂಡು ಹೋದಳು. ಮಲ್ಲಪ್ಪಣ್ಣ ನನ್ನ ಬೆನ್ನು ತಟ್ಟಿ “ನಿಮ್ಮ ಮೈಕು ಭಾರಿ ಐತ್ರಿ ಈ ಸಲ” ಎಂದರು. ನಾನು ಹಿಗ್ಗಿದೆ. ಈಗ ನೆನೆದರೆ ಆ ಹಿಗ್ಗಿಗೆ ನಾಚಿಕೆಯಾಗುತ್ತದೆ.

ಮೂರನೆಯದು ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ. ಸುಗ್ಗಿ ಮುಗಿದು ಹೊಲಗಳು ಬಯಲಾಗಿದ್ದವು. ಗೊಬ್ಬರಕ್ಕಾಗಿ ಹೊಲದಲ್ಲಿ ಕುರಿ ನಿಲ್ಲಿಸಿಕೊಳ್ಳುವ ಕಾಲ. ಹಲವು ಮನೆಗಳ ಕುರಿ ಕೂಡಿಸಿದ ಹತ್ತಿಪ್ಪತ್ತು ದೊಡ್ಡ ಹಿಂಡುಗಳು ಆ ಸುತ್ತಿನಲ್ಲಿ ಇಳಿದಿದ್ದವು. ಕುರಿ ಬಿಟ್ಟು ಕುರಿಗಾರ ಸಭೆಗೆ ಬರುವುದಿಲ್ಲ. ಅದಕ್ಕೇ ಸಭೆಯನ್ನೇ ಹೊಲಕ್ಕೆ ತಂದಿದ್ದರು. ಕೊಯ್ದ ಜೋಳದ ಹೊಲದಲ್ಲಿ ಪೆಂಡಾಲು, ಅದರ ಸುತ್ತ ಬಯಲಿನಲ್ಲಿ ಹಿಂಡುಗಳು, ಪಶ್ಚಿಮಕ್ಕೆ ಒಂದು ಒಡ್ಡು. ಒಡ್ಡಿನಾಚೆ ಇನ್ನೂ ಕಟಾವಾಗದ ಕಬ್ಬು, ಆಳೆತ್ತರ ಬೆಳೆದು ನಿಂತಿತ್ತು.

ನಿರ್ಣಾಯಕ ಸಭೆ ಎಂದು ನಾನು ಆ ದಿನ ಮನೆಯಲ್ಲಿದ್ದ ಸಾಮಾನನ್ನೆಲ್ಲ ಹೇರಿಕೊಂಡು ಹೋಗಿದ್ದೆ. ಎಂಟು ಹಾರ್ನ್, ಎರಡು ಹೊಸ ಬಾಕ್ಸ್ ಸ್ಪೀಕರ್, ಒಂದು ಜನರೇಟರ್. ಹಾರ್ನುಗಳನ್ನು ಜಾಲಿ ಗಿಡಗಳಿಗೆ ಏರಿಸಿ, ಬಯಲಿನ ಕಡೆ ಮುಖ ಮಾಡಿ ಬಿಗಿಯುತ್ತಿದ್ದಾಗ ಲಕ್ಕವ್ವ ಬಂದಳು.

“ಕಾಕಾ, ಇಷ್ಟೊಂದು ಹಾರ್ನ್ ಬ್ಯಾಡ್ರಿ. ಕುರಿ ಬೆದರ್ತಾವ.”

“ಇಪ್ಪತ್ತೇಳು ವರ್ಷದಾಗ ನನ್ನ ಮೈಕಿಗೆ ಯಾರೂ ಬೆದರಿಲ್ಲವಾ. ನಿನಗ ಹೆದರಿಕಿ ಆಗಾಕತ್ತಿದ್ರ ಕುರಿ ಹೆಸರ ಯಾಕ ಹೇಳ್ತಿ?”

ಅವಳು ನಕ್ಕಳು. ಆ ನಗುವಿನ ಅರ್ಥ ನನಗೆ ಒಂದು ತಾಸಿನ ನಂತರ ಗೊತ್ತಾಯಿತು.

ಹನ್ನೊಂದರ ಹೊತ್ತಿಗೆ ಸಭೆ ತುಂಬಿತು. ಸಭೆಯ ಹಿರಿಯರು ಬೀರಪ್ಪಜ್ಜ. ಎಂಬತ್ತು ದಾಟಿದ ಮುದುಕರು. ಕಂಬಳಿ ಹಾಸುವ ಹಕ್ಕು ಅವರ ಮನೆತನದ್ದು. ಅವರು ಎರಡು ಕರಿ ಕಂಬಳಿ ಹಾಸಿ ಮೇಲೊಂದಿಷ್ಟು ಭಂಡಾರದ ಅರಿಶಿನ ಉದುರಿಸಿದರು. ಮೊದಲು ಮಲ್ಲಪ್ಪಣ್ಣ ಎದ್ದರು. ನಾನು ಅವರ ಕೈಗೆ ಕಾರ್ಡ್‌ಲೆಸ್ ಮೈಕು ಕೊಟ್ಟೆ. ಶುರುವಿನಲ್ಲಿ ಎಲ್ಲ ಚೆನ್ನಾಗಿತ್ತು. ಕುರಿಗಳು ತಲೆ ಎತ್ತಿ ಹಾರ್ನಿನ ಕಡೆ ನೋಡಿದವು, ಮತ್ತೆ ಮೇಯತೊಡಗಿದವು. ನಾನು ಲಕ್ಕವ್ವನ ಕಡೆ ತಿರುಗಿ, ಕಂಡೆಯಾ ಎಂಬಂತೆ ಹುಬ್ಬು ಹಾರಿಸಿದೆ.

ಮಲ್ಲಪ್ಪಣ್ಣನಿಗೆ ಉತ್ಸಾಹ ಏರಿತು. ಮೈಕಿಗೆ ವೈರಿಲ್ಲದ್ದರಿಂದ ವೇದಿಕೆ ಇಳಿದು ಜನರ ನಡುವೆ ನಡೆದರು. ನಾನೂ ಹುರುಪಿನಿಂದ ಗೇನ್ ಏರಿಸಿದೆ. ಅತಿಯಾದರೆ ಅಮೃತವೂ ವಿಷ ಎಂಬ ಮಾತು ಆ ಗಳಿಗೆಯಲ್ಲಿ ನೆನಪಿಗೆ ಬರಬಾರದಿತ್ತೇ? ಅವರು ಕಣ್ಣು ಮುಚ್ಚಿಕೊಂಡು, ತೋಳು ಚಾಚಿ, “ಕುರಿಗಾರನ ಬದುಕು ಬಂಗಾರ ಆಗೂತನಕ ನಾನು ನಿದ್ದಿ ಮಾಡಾಂಗಿಲ್ಲ!” ಎನ್ನುತ್ತ ನೇರ ಒಂದು ಹಾರ್ನಿನ ಬಾಯಿಗೇ ಹೋಗಿ ನಿಂತರು.

‘ಕುಂಯ್ಯ್ಯ್’ ಎಂದಿತು. ಎಂಟು ಹಾರ್ನು, ಎರಡು ಬಾಕ್ಸು, ಎಲ್ಲ ಒಟ್ಟಿಗೆ. ಅಂಥ ಕಿರುಚು ನನ್ನ ಜನ್ಮದಲ್ಲಿ ನಾನೇ ಕೇಳಿರಲಿಲ್ಲ.

ಒಂದು ಟಗರು ಎಗರಿತು. ಅದರ ಹಿಂದೆ ಹತ್ತು, ಹತ್ತರ ಹಿಂದೆ ನೂರು. ಕಣ್ಣು ಮುಚ್ಚಿ ತೆರೆಯುವುದರಲ್ಲಿ ಅಷ್ಟೂ ಹಿಂಡುಗಳು ಧೂಳೆಬ್ಬಿಸಿಕೊಂಡು ಒಡ್ಡು ಹಾರಿ ಕಬ್ಬಿನೊಳಗೆ ನುಗ್ಗಿದವು. “ಏ, ಹಿಡೀರ್ಲೇ!” ಎಂದು ಯಾರೋ ಕೂಗಿದರು. ಮುನ್ನೂರು ಕುರಿಗಾರರೂ ಬಡಿಗೆ ಎತ್ತಿಕೊಂಡು ಅವುಗಳ ಹಿಂದೆ ಹೋದರು. ಪೂರ್ತಿ ಮತದಾರರ ಪಟ್ಟಿಯೇ ಕಬ್ಬಿನೊಳಗೆ ಹೊಕ್ಕು ಕಾಣದಾಯಿತು. ಕುರ್ಚಿಗಳು ಮಗುಚಿ ಬಿದ್ದಿದ್ದವು. ನಾನು ಓಡಿಹೋಗಿ ಗೇನ್ ಇಳಿಸಿದೆ.

ಮಲ್ಲಪ್ಪಣ್ಣ ಮಾತ್ರ ಇನ್ನೂ ಕಣ್ಣು ಮುಚ್ಚಿಕೊಂಡೇ ಮಾತಾಡುತ್ತಿದ್ದರು. ಮೈಕು ಹಿಡಿದು ಹಳಬರಾದ ಅವರಿಗೆ ಆ ‘ಕುಂಯ್’ ಹೊಸದಲ್ಲವಲ್ಲ! ಚಪ್ಪಾಳೆಗೆ ಜಾಗ ಬಿಟ್ಟು ಕಣ್ಣು ತೆರೆದಾಗ ಎದುರಿಗೆ ಇದ್ದವರು ಬೀರಪ್ಪಜ್ಜ, ಸಂಘದ ಕಾರ್ಯದರ್ಶಿ ಮತ್ತು ನಾನು. ಅವರು ನನ್ನನ್ನು ಕೇಳಿದರು, “ಮಂದಿ ಎಲ್ಲಿ ಹೋದ್ರಪಾ?”

“ಕಬ್ಬಿನ್ಯಾಗ ಅದಾರ್ರೀ” ಎಂದೆ. ಬೇರೆ ಏನು ಹೇಳಲಿ?

ಕಬ್ಬಿನೊಳಗಿನ ಗದ್ದಲ ಕೇಳಲಾಗದು. ಪ್ರತಿಯೊಬ್ಬ ಕುರಿಗಾರನಿಗೂ ತನ್ನದೇ ಒಂದು ಕೂಗು ಇರುತ್ತದೆ, ಅವನ ಕುರಿಗೆ ಅವನ ಕೂಗೊಂದೇ ಗೊತ್ತು. ಈಗ ಮುನ್ನೂರು ಜನ ಒಟ್ಟಿಗೆ ಕೂಗುತ್ತಿದ್ದರು. ಯಾವ ಕುರಿಗೂ ಯಾವ ಕೂಗೂ ತಿಳಿಯುತ್ತಿರಲಿಲ್ಲ. ಬೆದರಿದ ಕುರಿಗಳು ಇನ್ನೂ ಒಳಕ್ಕೆ ಸರಿಯುತ್ತಿದ್ದವು. ಆಚೆ ಬದಿಗೆ ಹೊರಬಿದ್ದರೆ ಮುಂದೆ ಕಾಲುವೆ. ಒಬ್ಬರ ಮರಿ ಕಾಲುವೆಗೆ ಬಿದ್ದರೂ ಆ ಪಾಪ ನನ್ನದೇ.

ಆಗ ಲಕ್ಕವ್ವ ಒಡ್ಡು ಹತ್ತಿದಳು. ಸೆರಗು ಸೊಂಟಕ್ಕೆ ಸಿಗಿಸಿ, ಎರಡೂ ಕೈ ಬಾಯಿಗೆ ಹಿಡಿದು ಒಂದು ಕೂಗು ಹಾಕಿದಳು.

“ಎಲ್ಲಾರೂ ಬಾಯಿ ಮುಚ್ರೀ!”

ಹಾರ್ನಿಲ್ಲ, ಬಾಕ್ಸಿಲ್ಲ. ಆದರೂ ಆ ಧ್ವನಿ ಕಬ್ಬಿನ ಮೇಲಿಂದ ಹಾದು ಕಾಲುವೆಯವರೆಗೆ ಹೋಯಿತು. ಒಡೆಯಲಿಲ್ಲ, ಕಿರುಚಲಿಲ್ಲ, ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳಿಸಿತು. ಕಬ್ಬು ಸುಮ್ಮನಾಯಿತು.

“ಒಬ್ಬೊಬ್ಬರ ಕರೀರಿ! ನಾ ಹೆಸರ ಹೇಳಿದವರಷ್ಟ! ಅಂಕಲಗಿ ನಿಂಗಪ್ಪಾ, ನಿನ್ನ ಕುರಿ ಕಾಲುವಿ ಬಾಜೂ ಅದಾವ, ಮೊದಲ ನೀ ಕರಿ!”

ನಿಂಗಪ್ಪ ಎಂಬುವನ ಕೂಗು ಒಳಗಿನಿಂದ ಕೇಳಿತು. ಸ್ವಲ್ಪ ಹೊತ್ತಿಗೆ ಅವನ ಹಿಂಡು ಒಂದರ ಹಿಂದೊಂದು ಹೊರಬಂದು ಬಯಲು ಸೇರಿತು. ಆಮೇಲೆ ಮೂಡಲಗಿಯ ಸತ್ಯಪ್ಪ. ಆಮೇಲೆ ಇನ್ನೊಬ್ಬ. ಕಬ್ಬಿನ ಗರಿ ಅಲುಗುವ ಕಡೆ ಯಾರ ಹಿಂಡು ಇದೆ, ಯಾರ ಟಗರಿಗೆ ಕೊರಳಗಂಟೆ ಇದೆ, ಯಾರ ಕುರಿಗೆ ಬೆನ್ನ ಮೇಲೆ ಕೆಂಪು ಗುರುತು ಇದೆ, ಎಲ್ಲ ಅವಳಿಗೆ ಗೊತ್ತಿತ್ತು. ಕೈಯಲ್ಲಿ ಕಾಗದವಿರಲಿಲ್ಲ. ಮೂರು ತಾಲೂಕಿನ ಕುರಿಗಾರರನ್ನು ಹೆಸರು ಹಿಡಿದು, ಸರದಿ ತಪ್ಪದೆ ಕರೆದಳು. ಹೆಸರು ಬಂದವನು ಕೂಗುತ್ತಿದ್ದ, ಉಳಿದವರು ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ಒಂದು ತಾಸಿನಲ್ಲಿ ಕಬ್ಬು ಖಾಲಿಯಾಯಿತು. ಎಣಿಸಿ ನೋಡಿದರೆ ಒಂದು ಮರಿಯೂ ಕಡಿಮೆಯಿರಲಿಲ್ಲ. ಕಬ್ಬಿನ ಮಾಲೀಕ ಓಡಿಬಂದು ಮೊದಲು ಬೈದ. ಆಮೇಲೆ ಸಾಲುಗಳ ನಡುವೆ ಉದುರಿದ ಹಿಕ್ಕೆ ನೋಡಿ, “ಗೊಬ್ಬರರೆ ಬಿತ್ತಲ್ಲ, ಹೋಗ್ಲಿ” ಎಂದು ತಾನೇ ಸಮಾಧಾನ ಮಾಡಿಕೊಂಡ.

ಎಲ್ಲರೂ ಮೈ ಕೈ ಗೀರಿಸಿಕೊಂಡು, ತಲೆಯಲ್ಲಿ ಕಬ್ಬಿನ ಒಣ ರವದಿ ಸಿಗಿಸಿಕೊಂಡು ಹೊರಬಂದು ಒಡ್ಡಿನ ಕೆಳಗೇ ನೆಲದ ಮೇಲೆ ಕೂತರು. ಪೆಂಡಾಲಿನ ಕಡೆ ಯಾರೂ ಹೋಗಲಿಲ್ಲ. ಬೀರಪ್ಪಜ್ಜ ಕಂಬಳಿಗಳನ್ನು ಅಲ್ಲಿಗೇ ತರಿಸಿ ಹಾಸಿದರು. “ಲಕ್ಕವ್ವಾ, ಈಗ ನಿನ್ನ ಪಾಳಿ. ಮಾತಾಡು” ಎಂದರು.

ಕಾರ್ಯದರ್ಶಿ ನನ್ನ ಕಡೆ ಕೈ ಮಾಡಿದರು. ನಾನು ಮೈಕು ಹಿಡಿದುಕೊಂಡು ಒಡ್ಡಿನವರೆಗೂ ಹೋದೆ. ಲಕ್ಕವ್ವ ಮೈಕಿನ ಕಡೆ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ಅಂಕಲಗಿಯ ಭವನದಲ್ಲಿ ಕೈಕಾಲು ಕಟ್ಟಿಸಿಕೊಂಡವಳಂತೆ ನಿಂತಿದ್ದ ಹೆಣ್ಣುಮಗಳು ಇವಳೇ ಎಂದು ನನಗೆ ನಂಬಲಾಗಲಿಲ್ಲ. ಅವಳನ್ನು ಕಟ್ಟಿಹಾಕಿದ್ದವನು ನಾನು ಎಂಬುದು ಹೊಳೆದದ್ದು ಆಗಲೇ.

ತಿರುಗಿ ಬಂದು ಜನರೇಟರ್ ಬಂದ್ ಮಾಡಿದೆ. ನಡೆಯುತ್ತಿರುವ ಸಭೆಯಲ್ಲಿ ನನ್ನ ಕೈಯಾರೆ ನನ್ನ ಸೆಟ್ಟನ್ನು ನಿಲ್ಲಿಸಿದ್ದು ಅದೇ ಮೊದಲು.

“ಏನ್ರಿ, ಮೈಕ್ ಇಲ್ಲದ ಭಾಷಣ ಏನ ಚಂದ?” ಎಂದರು ಕಾರ್ಯದರ್ಶಿ.

“ಆಕಿಗೆ ಬ್ಯಾಡ್ರಿ ಸಾಹೇಬ್ರ. ಮೈಕ್ ಬೇಕಾಗಿದ್ದು ನಮಗ” ಎಂದೆ.

ಲಕ್ಕವ್ವ ಒಡ್ಡಿನ ಮೇಲಿಂದಲೇ ಮಾತಾಡಿದಳು. ಆ ಮಾತು ನನಗೆ ಇವತ್ತಿಗೂ ಬಾಯಿಗೆ ಬರುತ್ತದೆ.

“ಎಲ್ಲಾರ ಕುರಿ ಬಂದಾವ? ಮರಿ ಬಂದಾವ? ಹಂಗಾರ ಕೇಳ್ರಿ. ಹಿಂದಿನ ಎರಡೂ ಸಭಾದಾಗ ನಾ ಏನ ಮಾತಾಡಿದೆ ಅನ್ನೂದು ನನಗ ನೆನಪಿಲ್ಲ. ನಿಮಗೂ ಇಲ್ಲ. ಚಲೋನ ಆತು.”

ಜನ ನಕ್ಕರು.

“ಈಗ ಕುರಿ ಬೆದರಿ ಕಬ್ಬಿನ್ಯಾಗ ಹೊಕ್ಕೂವು. ಆವಾಗ ನೀವು ಯಾರರೆ ಕುರ್ಚ್ಯಾಗ ಕುಂತು, ‘ಕುರಿಗಳೇ, ನಮ್ಮ ಆಫೀಸು ಗೋಕಾಕದಾಗ ಐತಿ, ಹತ್ತರಿಂದ ಐದರೊಳಗ ಬಂದು ಭೆಟ್ಟಿ ಆಗ್ರಿ’ ಅಂದ್ರೇನು?”

ಈ ಸಲ ನಗು ಅಲೆಯಾಗಿ ಹೋಯಿತು. ಮಲ್ಲಪ್ಪಣ್ಣನ ಮೀಸೆಯೂ ಅಲುಗಿದ್ದನ್ನು ನಾನು ನೋಡಿದೆ.

“ಇಲ್ಲ. ಧೋತರ ಹರಕೊಂಡು ಒಳಗ ಹೊಕ್ರಿ. ಯಾಕಂದ್ರ ಅವು ನಮ್ಮ ಜೀವ. ಸಂಘಕ್ಕ ನಾವು ಹಂಗ ಅನಸಬೇಕೋ ಬ್ಯಾಡೋ? ಬ್ಯಾನಿ ಬಂದ ವರ್ಷ ನನ್ನ ನಲವತ್ತು ಕುರಿ ಬಿಸಲಾಗ ಸತ್ತೂವು. ಔಷಧ ಗೋಕಾಕದಾಗ ಫ್ರಿಜ್ಜಿನ್ಯಾಗ ತಣ್ಣಗ ಕುಂತಿತ್ತು. ನಾ ಮಲ್ಲಪ್ಪಣ್ಣಾರ ಮ್ಯಾಲ ತಪ್ಪ ಹೊರಸಾಂಗಿಲ್ಲ. ಅವರು ಬಾಗಲಾ ತಗದ ಕುಂತಿದ್ರು, ಖರೆ. ನಾವು ಅಡವ್ಯಾಗ ಇದ್ವಿ, ಅದೂ ಖರೆ. ನನ್ನ ಆರಸಿದ್ರ ನಾ ಕುರ್ಚ್ಯಾಗ ಕುಂಡ್ರೂದು ಕಡಿಮಿ. ಡಾಕ್ಟರ್ನ ಗಾಡಿ ಹತ್ತಿಸ್ಕೊಂಡು, ಔಷಧದ ಪೆಟ್ಟಿಗಿ ತೊಡಿ ಮ್ಯಾಲ ಇಟ್ಕೊಂಡು, ನಿಮ್ಮ ಹಿಂಡು ಎಲ್ಲಿ ಐತೋ ಅಲ್ಲಿಗೆ ಬರ್ತೇನಿ. ಯಾರ ಹಿಂಡು ಎಲ್ಲಿ ಐತಿ ಅಂತ ನನಗ ಗೊತ್ತಾಗೂದಿಲ್ಲ ಅಂತೀರೇನು? ಈಗ ನೀವ ನೋಡಿದ್ರಿ. ಇಷ್ಟ ನನ್ನ ಮಾತು. ಉಳಿದದ್ದು ನಿಮ್ಮ ಬಡಿಗಿ ಹೇಳ್ಲಿ.”

ಮೂರು ನಿಮಿಷವೂ ಆಗಿರಲಿಕ್ಕಿಲ್ಲ. ಹಿಂದಿನ ಸಾಲಿನವರು ಯಾರೂ ಬೀಡಿಗೆ ಏಳಲಿಲ್ಲ.

ನಂತರ ಬಡಿಗೆಗಳು ಬೀಳತೊಡಗಿದವು. ಲಕ್ಕವ್ವನ ಕಂಬಳಿ ಸ್ವಲ್ಪ ಹೊತ್ತಿನಲ್ಲಿ ಕಾಣದಾಯಿತು, ಬಡಿಗೆಯ ರಾಶಿಯಷ್ಟೇ ಉಳಿಯಿತು. ಇನ್ನೊಂದು ಕಂಬಳಿಯ ಮೇಲೆ ಮಲ್ಲಪ್ಪಣ್ಣನ ಬೀಗರು, ನೆಂಟರ ಬಡಿಗೆಗಳು ಒಂದಿಷ್ಟು. ಎಣಿಸುವ ಅಗತ್ಯವೇ ಬೀಳಲಿಲ್ಲ. ಬೀರಪ್ಪಜ್ಜ ಮಾತು ಮುಗಿಸುವ ಮೊದಲು ಮಲ್ಲಪ್ಪಣ್ಣ ಎದ್ದು ಬಂದರು. ಅವರು ತೋಳಿನ ಛತ್ರಿ ತೆಗೆದು ಲಕ್ಕವ್ವನ ರಾಶಿಯ ಮೇಲಿಟ್ಟರು.

“ನನ್ನ ಕಡೆ ಬಡಿಗಿ ಇಲ್ಲವಾ. ಕುರಿ ಬಿಟ್ಟು ಹನ್ನೆರಡು ವರ್ಷ ಆತು. ಇದನ್ನ ಹಿಡಕೋ. ಅಡವ್ಯಾಗ ತಿರಗಾಕ ಹತ್ತೀದಿ ಅಂದ್ರ ಬಿಸಲಿಗೆ ಬೇಕಾಕ್ಕೈತಿ” ಎಂದರು.

ಲಕ್ಕವ್ವ ಅವರ ಕಾಲಿಗೆ ಬಾಗಿದಳು. ಎದ್ದಾಗ ಕಣ್ಣು ಒದ್ದೆ, ಬಾಯಲ್ಲಿ ನಗು. ಆಮೇಲಿನ ಒಂದು ತಾಸು ಮಾತ್ರ ಭಾರಿ ಮೋಜು. ಮುನ್ನೂರು ಜನ ಆ ರಾಶಿಯಲ್ಲಿ ತಮ್ಮ ತಮ್ಮ ಬಡಿಗೆ ಹುಡುಕುತ್ತ, “ಇದು ನಂದಲೇ”, “ನಿಂದರ ಮುರದೈತಿ” ಎಂದು ಜಗ್ಗಾಡಿದರು. ನಾನು ಗಿಡ ಹತ್ತಿ ಹಾರ್ನು ಬಿಚ್ಚುತ್ತ ಅದನ್ನೆಲ್ಲ ಮೇಲಿನಿಂದ ನೋಡಿದೆ. ಕೆಳಗಿಳಿದ ಮೇಲೆ ಲಕ್ಕವ್ವನ ಹತ್ತಿರ ಹೋಗಿ, “ನಾ ಅವತ್ತ ಅಂದ ಮಾತು ತಪ್ಪ ಐತವಾ” ಎಂದೆ. ಅವಳು, “ಯಾವ ಮಾತ್ರಿ ಕಾಕಾ? ಕುರಿ ಬೆದರೂದಿಲ್ಲ ಅಂದದ್ದೋ?” ಎಂದಳು. ಅವಳಿಗೆ ಎರಡೂ ನೆನಪಿದ್ದವು ಎಂದು ನನಗೆ ಗೊತ್ತು.

ಮರುದಿನ ಹದಿಮೂರೂ ನಿರ್ದೇಶಕರು ಕೈ ಎತ್ತಿದರು. ಆ ಮುಂಗಾರಿಗೆ ಮೊದಲೇ ಸಂಘದ ಗಾಡಿ ಹಿಂಡುಗಳಿದ್ದ ಕಡೆ ಓಡಾಡತೊಡಗಿತು. ಮುಂದಿನ ಸೀಟಿನಲ್ಲಿ ಡಾಕ್ಟರು, ಹಿಂದೆ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡ ಅಧ್ಯಕ್ಷೆ, ಪಕ್ಕದಲ್ಲಿ ಒಂದು ಕರಿ ಛತ್ರಿ. ಆ ವರ್ಷ ಬೇನೆ ಬಂದಾಗ ಅವಳ ಐವತ್ತೂ ಉಳಿದವು. ಒಡ್ಡಿನ ಮೇಲಿನ ಭಾಷಣವನ್ನು ಯಾರೋ ಮೊಬೈಲಿನಲ್ಲಿ ಹಿಡಿದಿದ್ದರು. ‘ಕುರಿಗಳೇ, ಹತ್ತರಿಂದ ಐದರೊಳಗ ಬರ್ರಿ’ ಎಂಬ ಮಾತು ಜಿಲ್ಲೆಯ ಕುರಿಗಾರರ ಬಾಯಲ್ಲೆಲ್ಲ ಗಾದೆಯ ಹಾಗೆ ನಿಂತಿತು. ಅದರ ಬಲದಿಂದಲೇ ಎರಡು ವರ್ಷದ ನಂತರ ಇಂಥ ಸಂಘಗಳ ಜಿಲ್ಲಾ ಒಕ್ಕೂಟದ ಅಧ್ಯಕ್ಷ ಸ್ಥಾನಕ್ಕೆ ಅವಳ ಹೆಸರು ಬಂತು.

ಅದರ ಸಭೆ ಬೆಳಗಾವಿಯ ಒಂದು ದೊಡ್ಡ ಸಭಾಂಗಣದಲ್ಲಿ. ಮೆತ್ತನೆಯ ಕುರ್ಚಿ, ಎಸಿ, ಅಲ್ಲಿಯದೇ ಸೌಂಡ್ ವ್ಯವಸ್ಥೆ. ಹಿಂದಿನ ದಿನ ಲಕ್ಕವ್ವನ ಫೋನು ಬಂತು.

“ಕಾಕಾ, ನಾಳಿಗೆ ಬರ್ರಿ. ಈ ಸಲ ಕುರಿ ಇಲ್ಲ, ಹೆದರಬ್ಯಾಡ್ರಿ.”

ಹೋದೆ. ಸಭಾಂಗಣದ ಮೈಕಿನವರ ಕೈಕಾಲು ಹಿಡಿದು, ಅವಳ ಪಾಳಿಗೆ ಸ್ವಲ್ಪ ಮೊದಲು ಗೇನ್ ತಿರುಗಣೆಗಳಿದ್ದ ಪೆಟ್ಟಿಗೆಯ ಮುಂದೆ ನಾನು ಕೂತೆ. ಸ್ಟ್ಯಾಂಡನ್ನು ಅವಳಿಂದ ಎರಡು ಮಾರು ದೂರ ಸರಿಸಿದೆ. ಗೇನ್ ಎಷ್ಟು ಇಳಿಸಿದೆನೆಂದರೆ ಪಕ್ಕದಲ್ಲಿದ್ದವರು, “ಏನ್ರಿ, ಬಂದ್ ಮಾಡೀರೇನು?” ಎಂದರು. ಲಕ್ಕವ್ವ ವೇದಿಕೆಗೆ ಬಂದು ಮೈಕು ಎಲ್ಲಿದೆ ಎಂದು ಹುಡುಕಿದಳು. ದೂರದಲ್ಲಿ ಅದನ್ನು ಕಂಡು ನನ್ನ ಕಡೆ ನೋಡಿ ನಕ್ಕಳು. ನಾನು ಎರಡೂ ಕೈ ಬೀಸಿ ತೋರಿಸಿದೆ, 'ಬೀಸು' ಎಂದು. ಮುಖ ಅತ್ತಿತ್ತ ತಿರುಗಿಸಿ ತೋರಿಸಿದೆ, 'ತಿರುಗು' ಎಂದು.

ಅವಳು ಸೆರಗು ಸೊಂಟಕ್ಕೆ ಸಿಗಿಸಿದಳು. “ನಮಸ್ಕಾರ್ರಿ!” ಎಂದಳು. ಕೆಂಪು ದೀಪ ಹತ್ತಲಿಲ್ಲ. ಕಟ್ಟಕಡೆಯ ಸಾಲಿನಲ್ಲಿ ತೂಕಡಿಸುತ್ತಿದ್ದ ಒಬ್ಬ ಮುದುಕ ಎದ್ದು ನಿಂತು “ನಮಸ್ಕಾರವಾ” ಎಂದು ಮರುಕೂಗಿದ. ಅವಳು ಗೆದ್ದಳು ಎಂದು ನನಗೆ ಗೊತ್ತಾದದ್ದು ಅಲ್ಲಿಯೇ, ಫಲಿತಾಂಶ ಬಂದದ್ದು ಸಂಜೆಗೆ.

ಈಗ ಅಂಗಡಿಯನ್ನು ಮಗಳು ನೋಡಿಕೊಳ್ಳುತ್ತಾಳೆ. ಅವಳಿಗೆ ವೈರು, ವ್ಯಾಟ್ಸು ಎಲ್ಲ ನನಗಿಂತ ಚೆನ್ನಾಗಿ ಬರುತ್ತದೆ. ನಾನು ಕಲಿಸಿದ್ದು ಒಂದೇ. ಯಾವ ಸಭೆಗೆ ಹೋದರೂ ಮೊದಲು ಗಾಡಿಯಿಂದ ಸಾಮಾನು ಇಳಿಸಬೇಡ. ಮಾತಾಡುವವರನ್ನು ವೇದಿಕೆಯ ಮೇಲೆ ನಿಲ್ಲಿಸು, ನೀನು ಕಟ್ಟಕಡೆಗೆ ಹೋಗಿ ನಿಂತು ಅವರಿಂದ ನಾಲ್ಕು ಮಾತು ಆಡಿಸು. ಅವರದು ಎಂಥ ಧ್ವನಿ ಎಂದು ಕಿವಿಯಿಂದ ತಿಳಿದುಕೊಂಡ ಮೇಲೆ ಹಾರ್ನು ಬಿಗಿಯುವುದು. ಬೇಕಾಗದಿದ್ದರೆ ಹಾಗೇ ಗಾಡಿಯಲ್ಲಿ ಇರಲಿ.